ಹಳೆಯ ಪಿಕಪ್ ಕ್ಯಾಬಿನ್ ಹೊಸದಾಗಿಸುವಾಗ ಕಾಡುವ ದೋಷಗಳು: ಲಕ್ಷಣ ನೋಡಿ ಮೂಲ ಹಿಡಿಯುವ ಕೈಪಿಡಿ

ಶೆವರ್ಲೆ ಸಿ10, ಫೋರ್ಡ್ ಎಫ್-100, ಡಾಡ್ಜ್ ಡಿ ಸರಣಿ. 1950ರ ದಶಕದಿಂದ 1980ರ ದಶಕದವರೆಗಿನ ಈ ಅಮೆರಿಕನ್ ಪಿಕಪ್‌ಗಳ ಕ್ಯಾಬಿನ್ ಎಂದರೆ ಸರಳವಾದ ತಗಡಿನ ಪೆಟ್ಟಿಗೆ. ಒಳಗೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ಎರಡೇ ಮೂಲದಿಂದ ಹುಟ್ಟುತ್ತವೆ: ಎಲ್ಲಿಂದಲೋ ಒಳನುಗ್ಗುವ ನೀರು, ಇಲ್ಲವೇ ಎಲ್ಲೋ ಸಡಿಲಗೊಂಡ ಅರ್ತ್ (ಕರೆಂಟ್ ಗಾಡಿಯ ತಗಡಿನ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ). ಇವೆರಡನ್ನೂ ಸರಿಮಾಡದೆ ಹೊಸ ಕಾರ್ಪೆಟ್ ಹಾಸಿದರೆ, ಹೊಸ ಮೀಟರ್ ಕೂರಿಸಿದರೆ, ದೋಷ ಕಣ್ಣಿಗೆ ಮರೆಯಾಗುತ್ತದೆ ಅಷ್ಟೇ. ತುಕ್ಕು ಮಾತ್ರ ಹಾಸಿನ ಕೆಳಗೆ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಕಾರ್ಪೆಟ್ ಹಾಸುವುದು ಎಲ್ಲಕ್ಕಿಂತ ಕೊನೆಯ ಕೆಲಸ.

## ಕೈ ಹಾಕುವ ಮುನ್ನ

ಬ್ಯಾಟರಿಯ ಅರ್ತ್ ಕೇಬಲ್ ಬಿಚ್ಚಿ ಪಕ್ಕಕ್ಕಿಡಿ. ಸಾಮಾನ್ಯವಾಗಿ ಅದು ನೆಗೆಟಿವ್ ತುದಿ. ಆದರೆ 1955ರವರೆಗಿನ ಫೋರ್ಡ್ ಪಿಕಪ್‌ಗಳಲ್ಲಿ ಇದ್ದದ್ದು 6 ವೋಲ್ಟ್ ವ್ಯವಸ್ಥೆ, ಅದರಲ್ಲೂ ಪಾಸಿಟಿವ್ ಅರ್ತ್. 1956ರಲ್ಲಿ ಫೋರ್ಡ್ 12 ವೋಲ್ಟ್‌ಗೆ ಬಂತು. ಗಾಡಿ ಯಾವುದೆಂದು ಖಚಿತಪಡಿಸಿಕೊಳ್ಳದೆ ಹೊಸ ರೇಡಿಯೋ ಜೋಡಿಸಿದರೆ ಅದು ಮೊದಲ ಕ್ಷಣದಲ್ಲೇ ಸುಟ್ಟುಹೋಗಬಹುದು.

ಹಳೆಯ ಹೀಟರ್ ಡಬ್ಬಿಯ ಸುತ್ತಲಿನ ಪ್ಯಾಡ್, ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಮೇಲಿನ ದಪ್ಪ ಹಲಗೆಯಂಥ ಹೊದಿಕೆ, ನೆಲಕ್ಕೆ ಅಂಟಿಸಿದ ಕಪ್ಪು ಹಾಳೆ ಇವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗಲೇ ತಂತಿ ಬ್ರಷ್ಷಿನಿಂದ ಕೆರೆಯುವುದಾಗಲಿ, ಗ್ರೈಂಡರ್ ಹಾಕುವುದಾಗಲಿ ಬೇಡ. ನಾರು ನಾರಾಗಿ ಪುಡಿಯಾಗುವ ಬಿಳಿ ಅಥವಾ ಬೂದು ವಸ್ತು ಕಂಡರೆ ಅಲ್ಲಿಗೇ ನಿಲ್ಲಿಸಿ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಮುಂದುವರಿಯಿರಿ.

## ಕಾರ್ಪೆಟ್ ಒದ್ದೆ, ಕ್ಯಾಬಿನ್ ತುಂಬ ಮುಗ್ಗಲು ವಾಸನೆ

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಒದ್ದೆಯಾದ ಜಾಗಕ್ಕೆ ಬಿಳಿ ಕಾಗದ ಒತ್ತಿ, ತೆಗೆದು ನೋಡಿ. ಕಾಗದ ಬರೀ ಒದ್ದೆಯಾದರೆ ಅದು ಮಳೆ ನೀರು ಅಥವಾ ತೊಳೆದ ನೀರು. ಹಸಿರೋ ಕಿತ್ತಳೆಯೋ ಬಣ್ಣ ಹತ್ತಿ, ಬೆರಳಿಗೆ ಜಿಗುಟಾಗಿ, ಸಿಹಿ ವಾಸನೆ ಬಂದರೆ ಅದು ಕೂಲಂಟ್, ಎಂದರೆ ಎಂಜಿನ್ ತಂಪಾಗಿಸುವ ದ್ರವ. ಹೀಟರ್ ಕೋರ್ (ಆ ಬಿಸಿ ದ್ರವ ಹರಿದು ಗಾಳಿಯನ್ನು ಬಿಸಿಮಾಡುವ ಪುಟ್ಟ ರೇಡಿಯೇಟರ್) ಸೋರುತ್ತಿದೆ. ಹೀಟರ್ ಹಾಕಿದಾಗ ಮುಂದಿನ ಗಾಜಿನ ಒಳಮೈಗೆ ಎಣ್ಣೆಯ ಪೊರೆಯಂಥದ್ದು ಕೂರುವುದೂ ಇದೇ ಸೋರಿಕೆಯ ಗುರುತು. ಕೂಲಂಟ್ ವಿಷ, ಸಿಹಿ ಇರುವುದರಿಂದ ನಾಯಿ ಬೆಕ್ಕುಗಳು ನೆಕ್ಕುತ್ತವೆ, ಕೂಡಲೇ ಒರೆಸಿ. ಹೊಸ ಕೋರ್ ಬರುವವರೆಗೆ ಎಂಜಿನ್ ಕಡೆಯಲ್ಲಿ ಹೀಟರಿನ ಎರಡು ಹೋಸ್‌ಗಳನ್ನು ಒಂದು ಜೋಡಣೆ ನಳಿಕೆಯಿಂದ ಸೇರಿಸಿ ಗಾಡಿ ಓಡಿಸಬಹುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಈ ಕೆಲಸ.

ಬರೀ ನೀರಾಗಿದ್ದರೆ ದಾರಿ ಹುಡುಕಬೇಕು. ನೀರು ಒಳಬರುವುದು ಒಂದು ಕಡೆ, ನಿಲ್ಲುವುದು ಇನ್ನೊಂದು ಕಡೆ. ಕಾರ್ಪೆಟ್ ಮತ್ತು ಅದರ ಕೆಳಗಿನ ಸೆಣಬಿನ ಹಾಸು ಪೂರ್ತಿ ತೆಗೆದು ನೆಲ ಒಣಗಿಸಿ. ಗಾಜಿನ ಅಂಚು, ಡ್ಯಾಶ್‌ಬೋರ್ಡ್ ಕೆಳಗಿನ ಬೆಸುಗೆ ಸಾಲು, ಕಾಲಿನ ಪಕ್ಕದ ಫಲಕ, ಬಾಗಿಲ ಹೊಸ್ತಿಲು ಇಲ್ಲೆಲ್ಲ ಸೀಮೆಸುಣ್ಣದ ಪುಡಿ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಒತ್ತಡ ಬೇಡ, ಮಳೆಯಂತೆ ಹರಿದರೆ ಸಾಕು. ಕೆಳಗಿನಿಂದ ಶುರುಮಾಡಿ: ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ಬಾಗಿಲ ಗಾಜು, ಕೌಲ್ ಜಾಲರಿ (ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಬರುವ ತಗಡಿನ ತೊಟ್ಟಿಯ ಮುಚ್ಚಳ), ಮುಂದಿನ ಗಾಜು, ಹಿಂದಿನ ಗಾಜು, ಕೊನೆಗೆ ಛಾವಣಿ. ಒಂದೊಂದು ಜಾಗಕ್ಕೂ ಹತ್ತು ನಿಮಿಷ ಕೊಡಿ. ಮೇಲಿನಿಂದ ಶುರುಮಾಡಿದರೆ ಇಳಿಯುವ ನೀರು ಎಲ್ಲವನ್ನೂ ತೋಯಿಸುತ್ತದೆ, ಯಾವ ಜಾಗ ಸೋರಿತೆಂದು ಗೊತ್ತೇ ಆಗುವುದಿಲ್ಲ. ಬಿಳಿ ಪುಡಿಯ ನಡುವೆ ಬೆರಳಿನಲ್ಲಿ ಗೆರೆ ಎಳೆದಂತೆ ನೀರಿನ ಜಾಡು ಮೂಡಿದಾಗ, ಆ ಗೆರೆಯನ್ನು ಹಿಡಿದು ಮೇಲಕ್ಕೆ ಹೋದರೆ ತೂತು ಸಿಗುತ್ತದೆ.

ಬಾಗಿಲ ಹೊಸ್ತಿಲಿನ ಒಳಗೆ ನೀರು ಇಳಿದರೆ ಬಾಗಿಲ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಮೇಲೆ ಅನುಮಾನ ಪಡುವ ಮುಂಚೆ ಬಾಗಿಲ ಒಳಫಲಕ ಬಿಚ್ಚಿ. ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ. ಅದು ಬಾಗಿಲ ತಳದ ತೂತುಗಳಿಂದ ಹೊರಹೋಗಬೇಕು, ವಿನ್ಯಾಸವೇ ಹಾಗಿದೆ. ಆ ನೀರು ಒಳಫಲಕಕ್ಕೆ ತಾಗದಂತೆ ತಡೆಯುವುದು ಒಂದು ಪ್ಲಾಸ್ಟಿಕ್ ಹಾಳೆ. ಸ್ಪೀಕರ್ ಕೂರಿಸುವಾಗ ಯಾರಾದರೂ ಅದನ್ನು ಕಿತ್ತೆಸೆದಿರುವ ಸಂಭವ ಹೆಚ್ಚು. 0.15 ಮಿ.ಮೀ. ದಪ್ಪದ ಪಾಲಿಥೀನ್ ಹಾಳೆಯನ್ನು ಬ್ಯುಟೈಲ್ ಎಂಬ ಜಿಗುಟು ರಬ್ಬರಿನ ಹಗ್ಗದಿಂದ ಅಂಟಿಸಿ, ಕೆಳ ಅಂಚನ್ನು ಬಾಗಿಲ ಒಳಗಿನ ಸೀಳಿಗೆ ತೂರಿಸಿ. ಕೆಳ ಅಂಚು ಹೊರಗೆ ಉಳಿದರೆ ಹಾಳೆ ಹಾಕಿಯೂ ಹಾಕದಂತೆಯೇ. ತಳದ ತೂತುಗಳಿಗೆ ಕಡ್ಡಿ ಆಡಿಸಿ ಮಣ್ಣು ತೆಗೆಯಿರಿ.

ಕಾಲಿನ ಪಕ್ಕದ ಫಲಕದಿಂದ ನೀರು ಬಂದರೆ ಕೌಲ್ ನೋಡಿ. ಗಾಜಿನ ಮುಂದಿನ ಜಾಲರಿಯೊಳಗೆ ಎಲೆ, ಮಣ್ಣು ಸೇರಿ ವರ್ಷಗಟ್ಟಲೆ ಹಸಿಯಾಗಿರುತ್ತದೆ. ಮೊದಲು ವ್ಯಾಕ್ಯೂಮ್‌ನಿಂದ ಸ್ವಚ್ಛಮಾಡಿ, ಆಮೇಲೆ ಒಂದು ಲೀಟರ್ ನೀರು ಸುರಿಯಿರಿ. ಆ ನೀರು ಮುಂದಿನ ಚಕ್ರದ ಹಿಂಬದಿಯಲ್ಲಿ ಕೆಳಕ್ಕೆ ಬೀಳಬೇಕು. ಒಳಗೆ ಬಂದರೆ ಕೌಲ್ ತಗಡೇ ತೂತಾಗಿದೆ ಎಂದರ್ಥ. ಸಣ್ಣ ತೂತಾದರೆ ತುಕ್ಕು ತೆಗೆದು, ಪ್ರೈಮರ್ ಹೊಡೆದು, ಸೀಮ್ ಸೀಲರ್ (ತಗಡಿನ ಸಂದು ಮುಚ್ಚುವ ಅಂಟು) ತುಂಬಬಹುದು. ತಗಡು ಬಿಸ್ಕತ್ತಿನಂತೆ ಮುರಿಯುತ್ತಿದ್ದರೆ ಅದು ವೆಲ್ಡರ್ ಕೆಲಸ, ಅದೂ ಬೆಸುಗೆ ಬಿಚ್ಚಿ ಹೊಸ ತಗಡು ಕೂರಿಸುವಂಥ ದೊಡ್ಡ ಕೆಲಸ.

ಮುಂದಿನ ಗಾಜಿನ ಕೆಳಮೂಲೆಯಿಂದ ಬಂದರೆ ಹೊಸ ರಬ್ಬರ್ ತರಿಸುವ ಆತುರ ಬೇಡ. ರಬ್ಬರಿನ ತುಟಿ ಎತ್ತಿ ಕೆಳಗಿನ ತಗಡು ನೋಡಿ. ತಗಡು ಗಟ್ಟಿ ಇದ್ದರೆ ಗಾಜಿಗೂ ರಬ್ಬರಿಗೂ ನಡುವೆ, ರಬ್ಬರಿಗೂ ತಗಡಿಗೂ ನಡುವೆ ಗಟ್ಟಿಯಾಗದ ಗಾಜು ಸೀಲರ್ ತುಂಬಿದರೆ ಸಾಕಾಗಬಹುದು. ತಗಡಿನಲ್ಲಿ ತುಕ್ಕಿನ ತೂತಿದ್ದರೆ ನೀರು ರಬ್ಬರಿನ ಕೆಳಗಿನಿಂದಲೇ ನುಗ್ಗುತ್ತದೆ. ಮೇಲಿನಿಂದ ಎಷ್ಟು ಸೀಲರ್ ಸುರಿದರೂ ಪ್ರಯೋಜನವಿಲ್ಲ.

ನೆಲದ ತಗಡನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡುತ್ತಾ ಹೋಗಿ. "ಟಣ್" ಎಂದರೆ ಗಟ್ಟಿ, "ದಬ್" ಎಂದರೆ ಒಳಗೆ ಪದರ ಬಿಟ್ಟಿದೆ. ಸೀಟ್ ಬೋಲ್ಟ್, ಬೆಲ್ಟ್ ಬೋಲ್ಟ್, ಕ್ಯಾಬ್ ಕೂರುವ ರಬ್ಬರ್ ಬುಶ್ ಇವುಗಳ ಸುತ್ತ ತುಕ್ಕಿದ್ದರೆ ಫೈಬರ್‌ಗ್ಲಾಸ್ ತೇಪೆ ಹಚ್ಚುವಂತಿಲ್ಲ. ಅಪಘಾತದ ಹೊತ್ತಿಗೆ ಸೀಟು ಹಿಡಿದು ನಿಲ್ಲುವುದು ಅದೇ ತಗಡು. ಹೊಸ ತಗಡು ವೆಲ್ಡ್ ಮಾಡಿಸಲೇಬೇಕು.

## ಕ್ಯಾಬಿನ್‌ನಲ್ಲಿ ಪೆಟ್ರೋಲ್ ವಾಸನೆ

ಇದನ್ನು ನಾಳೆಗೆ ಬಿಡಬೇಡಿ. 1967–72ರ ಶೆವರ್ಲೆ ಸಿ10 ಮತ್ತು ಅದೇ ಕಾಲದ ಎಫ್-100ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದೇ ಸೀಟಿನ ಹಿಂದೆ, ಕ್ಯಾಬಿನ್ ಒಳಗೆ. ಮೊದಲು ಮುಚ್ಚಳದ ರಬ್ಬರ್ ನೋಡಿ, ಕಡಿಮೆ ಖರ್ಚಿನ ಪರೀಕ್ಷೆ ಅದೇ. ಟ್ಯಾಂಕ್ ಪೂರ್ತಿ ತುಂಬಿಸಿದಾಗ ಮಾತ್ರ ವಾಸನೆ ಬಂದರೆ, ತುಂಬುವ ಕೊಳವೆಗೂ ಟ್ಯಾಂಕಿಗೂ ನಡುವಿನ ರಬ್ಬರ್ ಹೋಸ್ ಅಥವಾ ಸೆಂಡರ್ (ಟ್ಯಾಂಕಿನ ಪೆಟ್ರೋಲ್ ಮಟ್ಟ ಅಳೆದು ಮೀಟರಿಗೆ ತಿಳಿಸುವ ಭಾಗ) ಗ್ಯಾಸ್ಕೆಟ್ ಸೋರುತ್ತಿರಬಹುದು. ಯಾವಾಗಲೂ ಬರುತ್ತಿದ್ದರೆ ಟ್ಯಾಂಕಿನ ಗಾಳಿ ಹೊರಬಿಡುವ ವೆಂಟ್ ಹೋಸ್ ಬಿರುಕು ಬಿಟ್ಟಿರಬಹುದು. ಎಥೆನಾಲ್ ಬೆರೆತ ಈಗಿನ ಪೆಟ್ರೋಲ್ ಆ ಕಾಲದ ರಬ್ಬರನ್ನು ಬೇಗ ಹಾಳುಮಾಡುತ್ತದೆ. ಹೋಸ್ ಬದಲಿಸುವಾಗ ಎಥೆನಾಲ್ ತಾಳುವ, ಇಂಧನಕ್ಕೆಂದೇ ತಯಾರಾದ ಹೋಸನ್ನೇ ಹಾಕಿ.

ಟ್ಯಾಂಕ್ ಒಳಗಿರುವಾಗ ಕ್ಯಾಬಿನ್‌ನಲ್ಲಿ ವೆಲ್ಡಿಂಗ್, ಗ್ರೈಂಡಿಂಗ್, ಹೀಟ್ ಗನ್ ಯಾವುದೂ ಕೂಡದು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಏಕೆಂದರೆ ಒಳಗೆಲ್ಲ ಉರಿಯುವ ಆವಿ. ಟ್ಯಾಂಕಿನ ತಗಡೇ ಬೆವರುವಂತೆ ಒದ್ದೆಯಾಗಿದ್ದರೆ ಗಾಡಿಯನ್ನು ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ, ಬ್ಯಾಟರಿ ಬಿಚ್ಚಿ, ನುರಿತವರಿಂದ ಟ್ಯಾಂಕ್ ಇಳಿಸಿ.

## ಮೀಟರ್ ಮುಳ್ಳುಗಳು ಸುಳ್ಳು ಹೇಳುತ್ತಿವೆ

ಒಂದೇ ಮುಳ್ಳು ತಪ್ಪುತ್ತಿದೆಯೋ ಎಲ್ಲವೂ ತಪ್ಪುತ್ತಿವೆಯೋ, ಮೊದಲು ಅದನ್ನು ನೋಡಿ. ಎಲ್ಲವೂ ಒಟ್ಟಿಗೆ ಕೆಟ್ಟವೆಂದರೆ ಮೀಟರ್‌ಗಳ ತಪ್ಪಲ್ಲ. ಅವಕ್ಕೆ ಬರುವ ಕರೆಂಟಿನದ್ದು ಅಥವಾ ಅರ್ತ್‌ನದ್ದು.

ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಅಲುಗಿದರೆ, ಇಂಡಿಕೇಟರ್ ಜೊತೆ ಡ್ಯಾಶ್ ದೀಪ ಕಂಪಿಸಿದರೆ ಅರ್ತ್ ಸಡಿಲ. ಡ್ಯಾಶ್‌ಬೋರ್ಡ್‌ಗೆ ಹೊಸದಾಗಿ ಬಣ್ಣ ಹೊಡೆದ ಮೇಲೆ ಈ ತೊಂದರೆ ಬರುವುದು ತೀರಾ ಸಾಮಾನ್ಯ: ಮೀಟರ್ ಡಬ್ಬಿ ತಿರುಪಿನ ಮೂಲಕ ತಗಡಿಗೆ ತಾಗಿ ಅರ್ತ್ ಪಡೆಯುತ್ತಿತ್ತು, ಈಗ ನಡುವೆ ಬಣ್ಣದ ಪದರ ಬಂದಿದೆ. ಬ್ಯಾಟರಿ ಜೋಡಿಸಿ ಹೆಡ್‌ಲೈಟ್, ಬ್ಲೋವರ್ (ಹೀಟರಿನ ಫ್ಯಾನ್) ಎರಡನ್ನೂ ಹಾಕಿ. ಮಲ್ಟಿಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಕೆಂಪನ್ನು ಮೀಟರ್ ಡಬ್ಬಿಯ ಲೋಹಕ್ಕೆ ಮುಟ್ಟಿಸಿ. 0.1 ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ, 0.2 ದಾಟಿದರೆ ಅರ್ತ್ ಸರಿಪಡಿಸಿ. 2.5 ಚದರ ಮಿ.ಮೀ. ತಂತಿಯೊಂದನ್ನು ಡಬ್ಬಿಯಿಂದ ಕ್ಯಾಬ್ ತಗಡಿಗೆ ಎಳೆದು, ತಾಗುವ ಜಾಗದ ಬಣ್ಣ ಕೆರೆದು ಬಿಗಿಯಿರಿ. ಎಂಜಿನ್ನಿನ ಹಿಂಬದಿಯಿಂದ ಫೈರ್‌ವಾಲ್‌ಗೆ ಹೋಗುವ ಹೆಣೆದ ಅರ್ತ್ ಪಟ್ಟಿ ಇದೆಯೇ ಎಂದೂ ನೋಡಿ. ಅದಿಲ್ಲದಿದ್ದರೆ ಕರೆಂಟ್ ಚೋಕ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ, ಕೇಬಲ್ ಮುಟ್ಟಲಾರದಷ್ಟು ಬಿಸಿಯಾಗುತ್ತದೆ.

ಹಳೆಯ ಫೋರ್ಡ್‌ಗಳಲ್ಲಿ ಪೆಟ್ರೋಲ್ ಮೀಟರ್ ಮತ್ತು ತಾಪ ಮೀಟರ್ ಎರಡೂ ಒಟ್ಟಿಗೆ ಮೇಲೇರಿ ನಿಂತರೆ, ಇಲ್ಲವೇ ಎರಡೂ ಸತ್ತಂತೆ ಬಿದ್ದಿದ್ದರೆ, ಡಬ್ಬಿಯ ಹಿಂದಿನ ಪುಟ್ಟ ವೋಲ್ಟೇಜ್ ರೆಗ್ಯುಲೇಟರ್ ನೋಡಿ. ಅದು 12 ವೋಲ್ಟನ್ನು ಮಿಡಿಸಿ ಸರಾಸರಿ 5 ವೋಲ್ಟ್‌ನಷ್ಟು ಕೊಡುತ್ತದೆ. ಟೆಸ್ಟ್ ಲ್ಯಾಂಪ್ ಹಚ್ಚಿದರೆ ಮಿನುಗಬೇಕು. ಒಂದೇ ಸಮನೆ ಉರಿದರೆ ರೆಗ್ಯುಲೇಟರ್ ಕೆಟ್ಟಿದೆ, ಇಲ್ಲವೇ ಅದರ ಮೈಗೆ ಅರ್ತ್ ಸಿಗುತ್ತಿಲ್ಲ; ಉರಿಯದೇ ಹೋದರೆ ಅದಕ್ಕೆ ಕರೆಂಟ್ ಬರುತ್ತಿದೆಯೇ ಎಂದು ಮೊದಲು ನೋಡಿ. ಈ ಮೀಟರ್‌ಗಳಿಗೆ ನೇರವಾಗಿ 12 ವೋಲ್ಟ್ ಕೊಟ್ಟು ಪರೀಕ್ಷಿಸಬೇಡಿ, ಸುಡುತ್ತವೆ.

ಪೆಟ್ರೋಲ್ ಮುಳ್ಳು ಒಂದೇ ತಪ್ಪುತ್ತಿದ್ದರೆ ಸೆಂಡರ್ ತಂತಿ ಬಿಚ್ಚಿ ನೋಡುವುದು ಸುಲಭದ ಪರೀಕ್ಷೆ. ಟ್ಯಾಂಕಿನ ಬಳಿ ಕಿಡಿ ಹಾರಬಾರದು, ಆದ್ದರಿಂದ ಟ್ಯಾಂಕಿನಿಂದ ದೂರದ ಕನೆಕ್ಟರ್ ಆರಿಸಿಕೊಳ್ಳಿ. 1960ರ ದಶಕದ ಉತ್ತರಾರ್ಧದ ಮತ್ತು 70ರ ದಶಕದ ಶೆವರ್ಲೆಯಲ್ಲಿ ಸೆಂಡರಿನ ರೋಧ ಖಾಲಿಗೆ 0 ಓಮ್, ಭರ್ತಿಗೆ 90 ಓಮ್. ತಂತಿ ಬಿಚ್ಚಿದರೆ ಮುಳ್ಳು ಭರ್ತಿ ದಾಟಬೇಕು, ಅರ್ತ್‌ಗೆ ಮುಟ್ಟಿಸಿದರೆ ಖಾಲಿಗೆ ಬೀಳಬೇಕು. ಫೋರ್ಡ್‌ನದ್ದು ತಿರುಗುಮುರುಗು: ಖಾಲಿಗೆ ಸುಮಾರು 73, ಭರ್ತಿಗೆ ಸುಮಾರು 10 ಓಮ್. ಅಲ್ಲಿ ನೇರ ಅರ್ತ್ ಬೇಡ, 10 ಓಮ್‌ನ ರೆಸಿಸ್ಟರ್ ಮೂಲಕ ಮುಟ್ಟಿಸಿ. ಮುಳ್ಳು ನಿಧಾನಕ್ಕೆ ಭರ್ತಿಗೆ ಏರಬೇಕು. ಮುಳ್ಳು ಹೇಳಿದಂತೆ ಆಡಿದರೆ ಮೀಟರ್ ಸರಿ ಇದೆ, ದೋಷ ಸೆಂಡರ್‌ನದ್ದೋ ಅದರ ಅರ್ತ್‌ನದ್ದೋ. ಹೊಸ ಮೀಟರ್ ಹಾಕಿದ ದಿನದಿಂದ ಮುಳ್ಳು ಉಲ್ಟಾ ಓಡುತ್ತಿದ್ದರೆ ಒಂದು ಕಂಪನಿಯ ಮೀಟರಿಗೆ ಇನ್ನೊಂದರ ಸೆಂಡರ್ ಜೋಡಿಯಾಗಿದೆ.

ಡಾಡ್ಜ್ ಗಾಡಿಗಳ ಆಮ್ಮೀಟರ್ (ಕರೆಂಟ್ ಅಳೆಯುವ ಮೀಟರ್) ಬಗ್ಗೆ ಗಂಭೀರ ಎಚ್ಚರಿಕೆ. ಬ್ಯಾಟರಿಗೆ ಹೋಗುವ ಚಾರ್ಜಿಂಗ್ ಕರೆಂಟ್ ಫೈರ್‌ವಾಲ್ ಕನೆಕ್ಟರ್ ದಾಟಿ, ಡ್ಯಾಶ್ ಒಳಗಿನ ಆಮ್ಮೀಟರ್ ಮೂಲಕವೇ ಹಾದುಹೋಗುತ್ತದೆ. ಆ ಕನೆಕ್ಟರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಆಮ್ಮೀಟರ್ ಬೋಲ್ಟಿನ ಸುತ್ತ ಕರಕಲು ಕಂಡರೆ ಗಾಡಿ ಓಡಿಸುವುದನ್ನು ನಿಲ್ಲಿಸಿ. ಇಂಥ ಗಾಡಿಗೆ ಹೆಚ್ಚು ಆಂಪಿಯರಿನ ಹೊಸ ಆಲ್ಟರ್ನೇಟರ್, ದೊಡ್ಡ ಆಂಪ್ಲಿಫೈಯರ್ ಹಾಕಿದರೆ ಡ್ಯಾಶ್‌ಗೆ ಬೆಂಕಿ ಹತ್ತಬಹುದು. ಆಮ್ಮೀಟರ್ ಬಿಟ್ಟು ವೋಲ್ಟ್‌ಮೀಟರ್ ಹಾಕಿ, ಚಾರ್ಜಿಂಗ್ ದಾರಿಯನ್ನು ಡ್ಯಾಶ್‌ನಿಂದ ಹೊರಗೇ ತರುವುದು ಆಟೋ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ.

## ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಮಿನುಗುತ್ತಿಲ್ಲ

ಇಂಡಿಕೇಟರನ್ನು ಮಿನುಗಿಸುವ ಹಳೆಯ ಫ್ಲಾಷರ್ ಒಳಗಿನ ಪಟ್ಟಿ ಬಿಸಿಯಾದರಷ್ಟೇ ಮಿನುಗುತ್ತದೆ. ಎಲ್‌ಇಡಿ ಎಳೆಯುವ ಕರೆಂಟ್ ಅದನ್ನು ಬಿಸಿಮಾಡಲು ಸಾಲದು. ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿ. ಅದಕ್ಕೆ ಪ್ರತ್ಯೇಕ ಅರ್ತ್ ತಂತಿ ಬೇಕಾದರೆ ಮರೆಯದೆ ಕೊಡಿ. ಡ್ಯಾಶ್‌ನ ಒಂದು ಎಲ್‌ಇಡಿ ಮಾತ್ರ ಉರಿಯದಿದ್ದರೆ ಅದನ್ನು ಕಿತ್ತು ತಿರುಗಿಸಿ ಹಾಕಿ, ಪೋಲಾರಿಟಿ ಉಲ್ಟಾ ಇರಬಹುದು. ಚಾರ್ಜಿಂಗ್ ಎಚ್ಚರಿಕೆ ದೀಪಕ್ಕೆ ಮಾತ್ರ ಹಳೆಯ ಬಲ್ಬನ್ನೇ ಉಳಿಸಿ. ಹಲವು ಗಾಡಿಗಳಲ್ಲಿ ಆಲ್ಟರ್ನೇಟರ್ ಎಚ್ಚರಗೊಳ್ಳುವುದು ಆ ಬಲ್ಬಿನ ಮೂಲಕ ಹರಿಯುವ ಕರೆಂಟಿನಿಂದ. ಅಲ್ಲಿ ಎಲ್‌ಇಡಿ ಹಾಕಿದರೆ ಬ್ಯಾಟರಿ ಚಾರ್ಜ್ ಆಗದೇ ಹೋಗಬಹುದು.

## ಬ್ಲೋವರ್ ಜೋರಿನಲ್ಲಿ ಮಾತ್ರ ತಿರುಗುತ್ತದೆ

ರೆಸಿಸ್ಟರ್ ಸುಟ್ಟಿದೆ. ಪೂರ್ಣ ವೇಗಕ್ಕೆ ಕರೆಂಟ್ ರೆಸಿಸ್ಟರ್ ಬಿಟ್ಟು ನೇರ ಹೋಗುತ್ತದೆ, ಉಳಿದ ವೇಗಗಳಿಗೆ ಅದರ ಮೂಲಕ. ಗಾಳಿಯ ಡಬ್ಬಿಗೆ ಎರಡು ತಿರುಪಿನಲ್ಲಿ ಕೂತಿರುವ ಅಗ್ಗದ ಭಾಗ ಅದು. ಎಲ್ಲ ವೇಗದಲ್ಲೂ ನಿಧಾನವಾದರೆ ಮೋಟರ್ ಅರ್ತ್ ನೋಡಿ, ಆಮೇಲೆ ಮೋಟರ್. ಗಾಳಿ ಚೆನ್ನಾಗಿ ಬಂದೂ ಬಿಸಿ ಇಲ್ಲದಿದ್ದರೆ ಎರಡೂ ಹೀಟರ್ ಹೋಸ್ ಮುಟ್ಟಿ: ಒಂದು ಬಿಸಿ, ಒಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ ಅಥವಾ ವಾಲ್ವ್ ತೆರೆದಿಲ್ಲ. ಎರಡೂ ಬಿಸಿ ಇದ್ದರೆ ಬಿಸಿ ಗಾಳಿಗೆ ದಾರಿ ಕೊಡುವ ಒಳಗಿನ ತಟ್ಟೆಯ ಕೇಬಲ್ ಕಳಚಿದೆ.

## ಗಾಜು ಏರಿಸಲು ಕೈ ನೋಯುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತಿಲ್ಲ

ಗಾಜನ್ನು ಅದನ್ನು ಏರಿಳಿಸುವ ಸಾಧನವಾದ ರೆಗ್ಯುಲೇಟರಿನ ತೋಳಿನಿಂದ ಕಳಚಿ, ಕೈಯಿಂದಲೇ ಮೇಲೆ ಕೆಳಗೆ ಸರಿಸಿ. ಕೈಯಲ್ಲೂ ಬಿಗಿ ಇದ್ದರೆ ಗಾಜು ಓಡುವ ಫೆಲ್ಟ್ ಕಾಲುವೆ ಗಟ್ಟಿಯಾಗಿದೆ ಅಥವಾ ಹೊಸದಾಗಿ ಹಾಕಿದ ಕಾಲುವೆ ಸರಿಯಾಗಿ ಕೂತಿಲ್ಲ. ಸಲೀಸಾಗಿ ಸರಿದರೆ ದೋಷ ರೆಗ್ಯುಲೇಟರ್‌ನಲ್ಲಿದೆ: ಒಣಗಿದ ಗ್ರೀಸ್, ಸವೆದ ರೋಲರ್. ಫೆಲ್ಟ್‌ಗೆ ಸಿಲಿಕೋನ್ ಸ್ಪ್ರೇ, ಹಲ್ಲುಗಳಿಗೆ ಬಿಳಿ ಲಿಥಿಯಂ ಗ್ರೀಸ್. ಫೆಲ್ಟ್‌ಗೆ ಗ್ರೀಸ್ ಹಚ್ಚಿದರೆ ಧೂಳು ಕೂತು ಮೊದಲಿಗಿಂತ ಬಿಗಿಯಾಗುತ್ತದೆ. ರೆಗ್ಯುಲೇಟರಿನ ಸುರುಳಿ ಸ್ಪ್ರಿಂಗ್ ಸದಾ ಬಿಗಿದುಕೊಂಡಿರುತ್ತದೆ. ಹಲ್ಲಿನ ತಟ್ಟೆಯನ್ನು ಬೋಲ್ಟ್ ಅಥವಾ ಕ್ಲಾಂಪ್‌ನಿಂದ ಕಟ್ಟಿಹಾಕದೆ ಅದನ್ನು ಬಿಚ್ಚಿದರೆ ಬೆರಳು ತುಂಡಾಗುವಷ್ಟು ಜೋರಾಗಿ ತಿರುಗುತ್ತದೆ.

ಹೊಸ ಬೀಡಿಂಗ್ ಹಾಕಿದ ಮೇಲೆ ಬಾಗಿಲು ಹೊಡೆದು ಮುಚ್ಚಬೇಕಾದರೆ ಕೆಲವು ದಿನ ಮುಚ್ಚಿಯೇ ಬಿಡಿ, ರಬ್ಬರ್ ಒತ್ತಿ ಕೂರುತ್ತದೆ. ಆಮೇಲೂ ಬಿಗಿ ಇದ್ದರೆ ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ಒಂದೇ ಬಿಗಿಯಲ್ಲಿ ಬಂದರೆ ಸ್ಟ್ರೈಕರನ್ನು (ಬಾಗಿಲ ಚಿಲಕ ಸಿಕ್ಕಿಕೊಳ್ಳುವ ಕೊಂಡಿ) ಒಂದೆರಡು ಮಿ.ಮೀ. ಹೊರಕ್ಕೆ ಸರಿಸಿ. ಒಂದು ಕಡೆ ಹರಿದು, ಇನ್ನೊಂದು ಕಡೆ ಜಾರಿ ಬಂದರೆ ಹಿಂಜ್ ಸವೆದು ಬಾಗಿಲು ಇಳಿದಿದೆ.

## ಸೀಟು ಚಾಲಕನ ಕಡೆ ವಾಲಿದೆ, ಹೊಸ ಕವರ್ ಸುಕ್ಕುಗಟ್ಟಿದೆ

ಸೀಟನ್ನು ತಲೆಕೆಳಗು ಮಾಡಿ ನೋಡಿದರೆ ಕಾರಣ ಕಾಣುತ್ತದೆ. ಸ್ಪ್ರಿಂಗ್ ಮುರಿದಿದೆಯೇ, ಕೊಕ್ಕೆ ಕಳಚಿದೆಯೇ, ಚೌಕಟ್ಟಿನ ಬೆಸುಗೆ ಬಿಟ್ಟಿದೆಯೇ? ಮೂರೂ ಸರಿ ಇದ್ದು ವಾಲಿದ್ದರೆ ಫೋಮ್ ಕುಸಿದಿದೆ. ಸ್ಪ್ರಿಂಗ್ ಮತ್ತು ಫೋಮ್ ನಡುವೆ ಗೋಣಿ ಬಟ್ಟೆ ಇರಲೇಬೇಕು. ಅದು ಕೊಳೆತು ಹೋಗಿದ್ದರೆ ಸ್ಪ್ರಿಂಗ್ ಫೋಮನ್ನು ದಿನದಿನವೂ ಕೊಯ್ಯುತ್ತದೆ. ಹೊಸ ಫೋಮ್ ಕೂಡ ಬೇಗನೆ ತಂತಿಯ ಆಕಾರಕ್ಕೆ ಹಳ್ಳ ಬೀಳುತ್ತದೆ.

ಕವರ್ ಸುಕ್ಕಿಗೆ ಸಾಮಾನ್ಯ ಕಾರಣ ತಣ್ಣಗಿನ ವಿನೈಲ್ ಎಳೆದದ್ದು, ಇಲ್ಲವೇ ಒಂದು ತುದಿಯಿಂದ ಬಿಗಿಯುತ್ತಾ ಹೋದದ್ದು. ಒಂದು ಗಂಟೆ ಬಿಸಿಲಿಗೆ ಹರಡಿ, ಮಧ್ಯದಿಂದ ಶುರುಮಾಡಿ ಎರಡೂ ಬದಿಗೆ ಹಾಗ್ ರಿಂಗ್ (ಕವರನ್ನು ಚೌಕಟ್ಟಿಗೆ ಹಿಡಿಸುವ ಲೋಹದ ಉಂಗುರ) ಹಾಕಿ. 19 ಮಿ.ಮೀ. ರಿಂಗ್‌ಗಳು ಸಾಮಾನ್ಯವಾಗಿ ಸರಿಹೋಗುತ್ತವೆ. ಹಳೆಯ ಕವರಿನ ಅಂಚಿನಲ್ಲಿರುವ ಗಟ್ಟಿ ತಂತಿಯನ್ನು ಎಸೆಯಬೇಡಿ, ಹೊಸದಕ್ಕೆ ತೂರಿಸಬೇಕು. ಅದಿಲ್ಲದಿದ್ದರೆ ರಿಂಗ್ ವಿನೈಲನ್ನು ಹರಿಯುತ್ತದೆ.

ಬೆಲ್ಟ್ ಹೊಸದಾಗಿ ಹಾಕುವಾಗ 7/16 ಇಂಚಿನ, ಇಂಚಿಗೆ 20 ಎಳೆಯ ಬೆಲ್ಟ್ ಬೋಲ್ಟನ್ನೇ ಬಳಸಿ, ನೆಲದ ಕೆಳಗೆ ಉಕ್ಕಿನ ತಟ್ಟೆ ಕೊಡಿ. ಬರೀ ವಾಷರ್ ಸಾಲದು, ತಗಡು ಹರಿದು ಬೋಲ್ಟ್ ಸಮೇತ ಕಿತ್ತುಬರುತ್ತದೆ.

## ಬಣ್ಣ ಸುಲಿಯುತ್ತಿದೆ, ಛಾವಣಿ ಬಟ್ಟೆ ಜೋತುಬಿದ್ದಿದೆ

ಪ್ಲಾಸ್ಟಿಕ್, ವಿನೈಲ್ ಭಾಗಗಳ ಬಣ್ಣ ಹಾಳೆಯಂತೆ ಎದ್ದರೆ, ಅಥವಾ ಹೊಡೆಯುವಾಗಲೇ ಮೀನಿನ ಕಣ್ಣಿನಂಥ ಪುಟ್ಟ ಗುಳಿ ಬಿದ್ದರೆ ಕಾರಣ ಸಿಲಿಕೋನ್. ವರ್ಷಗಟ್ಟಲೆ ಹಚ್ಚಿದ ಡ್ಯಾಶ್ ಪಾಲಿಶ್ ಒಳಗೆ ಇಳಿದಿರುತ್ತದೆ. ಪಾತ್ರೆ ತೊಳೆಯುವ ದ್ರವ, ಆಮೇಲೆ ಸಿಲಿಕೋನ್ ತೆಗೆಯುವ ದ್ರಾವಣ, ಪ್ರತಿ ಸಲವೂ ಹೊಸ ಬಟ್ಟೆ. ಗಟ್ಟಿ ಪ್ಲಾಸ್ಟಿಕ್‌ಗೆ ಬಣ್ಣದ ಮುಂಚೆ ಅಡ್ಹೀಷನ್ ಪ್ರಮೋಟರ್ (ಬಣ್ಣ ಹಿಡಿದು ನಿಲ್ಲುವಂತೆ ಮಾಡುವ ದ್ರವ) ಬೇಕು. ಛಾವಣಿ ಬಟ್ಟೆಯ ಹಿಂದಿನ ಫೋಮ್ ಪುಡಿಯಾಗಿದ್ದರೆ ಮೇಲಿಂದ ಅಂಟು ಹಚ್ಚಿ ಫಲವಿಲ್ಲ. ಹಲಗೆ ಇಳಿಸಿ, ಪುಡಿಯನ್ನೆಲ್ಲ ಉಜ್ಜಿ ತೆಗೆದು, ಶಾಖ ತಾಳುವ ಕಾಂಟ್ಯಾಕ್ಟ್ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟಿಯೂ ಅಂಟದಂತಾದಾಗ ಜೋಡಿಸಿ. ಬಾಗಿಲೆರಡೂ ತೆರೆದಿರಲಿ, ಅದರ ಆವಿ ತಲೆ ಸುತ್ತಿಸುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ.

## ಎಲ್ಲ ಮುಗಿದರೂ ಗದ್ದಲ ಕಡಿಮೆಯಾಗಿಲ್ಲ

ತಗಡನ್ನು ಬೆರಳಗೆಣ್ಣಿನಿಂದ ತಟ್ಟಿ. ಡಬ್ಬದಂತೆ ಮೊಳಗಿದರೆ ಬ್ಯುಟೈಲ್ ಹಾಳೆ ಬೇಕು. ಇಡೀ ನೆಲ ಮುಚ್ಚುವ ಅಗತ್ಯವಿಲ್ಲ: 2 ಮಿ.ಮೀ. ಹಾಳೆಯನ್ನು ತಗಡಿನ ಕಾಲು ಭಾಗದಿಂದ ಅರ್ಧದಷ್ಟಕ್ಕೆ ಅಂಟಿಸಿ, ರೋಲರಿನಿಂದ ಒತ್ತಿದರೆ ಕಂಪನ ಅಡಗುತ್ತದೆ. ಮನೆ ಛಾವಣಿಗೆ ಹಾಕುವ ಡಾಂಬರು ಹಾಳೆ ಅಗ್ಗವೆಂದು ಹಾಕಬೇಡಿ. ಬಿಸಿಲಿಗೆ ಕರಗಿ ಜಾರುತ್ತದೆ, ವಾಸನೆ ಹೋಗುವುದೇ ಇಲ್ಲ. ತಟ್ಟಿದಾಗ ಮೊಳಗದಿದ್ದರೂ ಗದ್ದಲ ಬರುತ್ತಿದ್ದರೆ ಅದು ತೂತುಗಳಿಂದ ಬರುವ ಸದ್ದು. ರಾತ್ರಿ ಒಬ್ಬರು ಒಳಗೆ ಕೂತು, ಇನ್ನೊಬ್ಬರು ಎಂಜಿನ್ ಕಡೆಯಿಂದ ಫೈರ್‌ವಾಲ್‌ಗೆ ಟಾರ್ಚ್ ಬಿಟ್ಟರೆ ಸ್ಟೀರಿಂಗ್ ಕೊಳವೆಯ ಸುತ್ತ, ಪೆಡಲ್ ಹಿಂದೆ, ತಂತಿ ಹಾಯುವಲ್ಲಿ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಒಂದೊಂದಕ್ಕೂ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ಹೊಗೆ, ಪೆಟ್ರೋಲ್ ಆವಿ ಒಳಬರುವುದೂ ಅದೇ ತೂತುಗಳಿಂದ. ನೆಲದ ನೀರಿಳಿಯುವ ತೂತು, ಸೀಟ್ ಬೋಲ್ಟಿನ ತೂತು ಮಾತ್ರ ಹಾಳೆಯ ಕೆಳಗೆ ಮುಚ್ಚಿಹೋಗದಂತೆ ಮೊದಲೇ ಚಾಕ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ.